ಮೂಲೆಯಿಲ್ಲದ ಮನೆಯ ಜಾಹೀರಾತು

ಗಾಳಿಚೌಕಿ, ಕಪ್ಪತಗುಡ್ಡ
೨೨೧೪, ಫಾಲ್ಗುಣ ೩೩

ಕಸ್ತೂರಿ ಹೊಂಬಳ ಅವರಿಗೆ ನಮಸ್ಕಾರಗಳು.

ನಮ್ಮ ತಿಂಗಳಿಗೆ ಮೂವತ್ತಾರು ದಿನ. ತಾರೀಖು ತಪ್ಪಾಗಿದೆಯೆಂದು ತಿಳಿಯಬೇಡಿ. ನನ್ನ ಕನ್ನಡವೂ ನಿಮಗೆ ಒರಟೆನಿಸಬಹುದು. ಓದಿದ್ದೇ ಹೆಚ್ಚು, ಆಡಿದ್ದು ಕಡಿಮೆ; ಕ್ಷಮಿಸಿ. ನೀವು ನಿಮ್ಮ ನೀರಿನ ಟಾಕಿಯ ಮನೆಯನ್ನು ಮಾರಾಟಕ್ಕೆ ಹಾಕಿ ನೂರತೊಂಬತ್ತೆಂಟು ವರ್ಷಗಳಾದವು.

ನನ್ನ ಹೆಸರು ನೀಲಾಂಬಿಕೆ. ಈ ಗುಡ್ಡದ ನಲವತ್ತು ಗಾಳಿಗಿರಣಿಗಳನ್ನು ಇಪ್ಪತ್ತೆರಡು ವರ್ಷಗಳಿಂದ ಒಬ್ಬಳೇ ಕಾಯುತ್ತಿದ್ದೇನೆ. ಹದಿನೈದು ದಿನಕ್ಕೊಮ್ಮೆ ಆಳಿಲ್ಲದ ಬಂಡಿಯೊಂದು ಜೋಳದ ಹಿಟ್ಟು, ಎಣ್ಣೆ, ಒಣಮೆಣಸಿನಕಾಯಿ ಇಳಿಸಿ ಹೋಗುತ್ತದೆ. ನಮ್ಮ ಜನರೆಲ್ಲ ಕೂಡುನೆಲೆಗಳಲ್ಲಿದ್ದಾರೆ. ಅಲ್ಲಿ ಒಂದೇ ಸೂರಿನ ಕೆಳಗೆ ಮೂರು ಸಾವಿರ ಕೋಣೆ, ಐದು ವರ್ಷಕ್ಕೊಮ್ಮೆ ಕೋಣೆ ಬದಲು. ಹಾಗಾಗಿ ಯಾರೂ ಗೋಡೆಗೆ ಮೊಳೆ ಹೊಡೆಯುವುದಿಲ್ಲ. ಮನೆ ಕೊಳ್ಳುವುದು, ಮಾರುವುದು ಎಂದರೇನೆಂದು ನಮಗೆ ತಿಳಿದದ್ದು ಹಳೆಜಾಲದಿಂದ. ನಿಮ್ಮ ಕಾಲದ ಇಂಟರ್ನೆಟ್ಟಿನಲ್ಲಿ ಅಳಿಯದೆ ಉಳಿದ ಪುಟಗಳನ್ನು ಹಾಗೆ ಕರೆಯುತ್ತೇವೆ.

ಸಂಗನಬಸಪ್ಪ ಎಂಬವರು ಎರಡು ದಿನದ ದಾರಿಯಾಚೆಯ ಇನ್ನೊಂದು ಚೌಕಿಯಲ್ಲಿದ್ದರು. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ನಮ್ಮ ನಡುವೆ ಇದ್ದದ್ದು ಕೆಲಸದ ಮಾತಿಗೆಂದು ಕೊಟ್ಟ ದನಿತಂತಿ ಮಾತ್ರ. ರಜೆಯ ದಿನ ಇಬ್ಬರೂ ಒಂದೇ ಪುಟ ತೆರೆದು ಕೂರುತ್ತಿದ್ದೆವು. ಮಂಗ ಕಸಿದೊಯ್ದ ಕನ್ನಡಕಕ್ಕಾಗಿ ಪೊಲೀಸರಿಗೆ ದೂರು ಕೊಟ್ಟ ಮಾಸ್ತರರ ಸುದ್ದಿ ಓದಿ ಅವರು ಕೆಮ್ಮು ಬರುವಷ್ಟು ನಕ್ಕಿದ್ದರು. ಆಮೇಲೆ ಮಾರಾಟದ ಮನೆಗಳು. ಹಡಗಿನ ಆಕಾರದ ಮನೆ, ರೈಲು ಡಬ್ಬಿಯ ಮನೆ, ಸಿನಿಮಾ ಟಾಕೀಸಿನೊಳಗೆ ಕಟ್ಟಿಕೊಂಡ ಮನೆ. ಯಾವುದು ಬೇಕೆಂದು ಜಗಳವಾಡುತ್ತಿದ್ದೆವು.

ನಿಮ್ಮದು ಸಿಕ್ಕ ದಿನ ಜಗಳವಾಗಲಿಲ್ಲ. ಊರು ಬಿಟ್ಟುಬಿಟ್ಟ ನೀರಿನ ಟಾಕಿಗೆ ನಿಮ್ಮ ಯಜಮಾನರು ಬಾಗಿಲು ಕೊರೆದು ಮಾಡಿದ ಗುಂಡನೆಯ ಮನೆ. ಜಾಹೀರಾತಿನ ವಿಡಿಯೋದಲ್ಲಿ ನೀವು ಸೆರಗು ಸರಿಮಾಡಿಕೊಂಡು ಹೇಳಿದಿರಿ: "ಮೂಲಿ ಇಲ್ರೀ ನಮ್ಮ ಮನಿಗೆ. ಕಸಾ ಹೊಡಿಯಾಕ ಸಸಾರ, ಕಪಾಟು ನಿಂದ್ರಸಾಕ ತ್ರಾಸು. ನಮ್ಮನಿಯವ್ರು ಇದ್ದಿದ್ರ ನಾ ಮಾರ್ತಿದ್ದಿಲ್ಲ." ಅದರ ಕೆಳಗೆ ನೋಡಿದ ಜನ ಏನೇನೋ ಬರೆದು ನಗೆಯಾಡಿದ್ದರು. ನಾವು ಆ ವಿಡಿಯೋವನ್ನು ಮೂರು ಸಲ ನೋಡಿದೆವು.

"ಅದು ಇನ್ನೂ ಇರಬೇಕ್ರೀ," ಎಂದರು ಸಂಗನಬಸಪ್ಪ. "ನನಗೂ ನಿಮಗೂ ನಟ್ಟನಡುವ ಬರ್ತೈತಿ. ಬರ್ತೀರೇನು?"

ಬರುತ್ತೇನೆ ಎಂದೆ. ಇಳಕಲ್ ಸೀರೆ ಉಟ್ಟು ಗುಡ್ಡ ಇಳಿದೆ. ತಪ್ಪಲಿನಲ್ಲಿ ಒಂದು ಕಲ್ಲಿನ ಮೇಲೆ ಕೂತೆ. ನನ್ನ ದನಿಯನ್ನಷ್ಟೇ ಬಲ್ಲವರ ಮುಂದೆ ಈ ಮುಖ ಹೊತ್ತು ಹೇಗೆ ನಿಲ್ಲಲಿ? ಎದುರಿಗಿರುವವರ ಕಣ್ಣು ನೋಡಿ ಮಾತಾಡುವುದು ನನಗೆ ಮರೆತೇಹೋಗಿತ್ತು. ಮಧ್ಯಾಹ್ನದ ಹೊತ್ತಿಗೆ ಎದ್ದು ಮರಳಿ ಗುಡ್ಡ ಹತ್ತಿದೆ. ಮೂರು ದಿನ ಬಿಟ್ಟು ದನಿತಂತಿ ಗುಣುಗುಟ್ಟಿದಾಗ, ಗಿರಣಿ ಕೆಟ್ಟಿತ್ತು ಎಂದು ಸುಳ್ಳು ಹೇಳಿದೆ.

"ಇರ್ಲಿ ಬಿಡ್ರಿ," ಎಂದರು. "ಮನಿ ಐತಿ. ನೀವು ಬರೂತನಾ ಒಳಗ ಹೋಗಬಾರದಂತ ಎರಡು ದಿನ ಹೊರಗ ಕುಂತಿದ್ದೆ."

ಆಮೇಲೂ ಪುಟಗಳನ್ನು ನೋಡಿದೆವು, ಸುದ್ದಿಗಳಿಗೆ ನಕ್ಕೆವು. ಆದರೆ ಅವರು ಇನ್ನೊಮ್ಮೆ ಕರೆಯಲಿಲ್ಲ. ಕರೆಯಿರಿ ಎನ್ನಲು ನನಗೆ ಬಾಯಿ ಬರಲಿಲ್ಲ. ಕಳೆದ ಮಳೆಗಾಲದಲ್ಲಿ ಅವರ ಚೌಕಿಯಿಂದ ಬೇರೆ ದನಿ ಬಂತು. ಎದೆನೋವು ಬಂದು ತೀರಿಕೊಂಡರಂತೆ.

ಹೋದ ವಾರ ನಾನು ಹೋದೆ. ನಿಮ್ಮ ಮನೆ ಇದೆ, ಕಸ್ತೂರಿಯವರೇ. ಚಾವಣಿ ಅರ್ಧ ಕುಸಿದಿದೆ, ನೆಲದಲ್ಲಿ ತುಂಬೆ ಗಿಡ ಬೆಳೆದಿದೆ. ತಲೆ ಬಗ್ಗಿಸಿ ಒಳಗೆ ಹೋಗಿ ಅವರ ಹೆಸರು ಹಿಡಿದು ಕೂಗಿದೆ. ಅವರಿದ್ದಾಗ ಒಮ್ಮೆಯೂ ಹೆಸರು ಹಿಡಿದು ಕರೆದಿರಲಿಲ್ಲ, ಬರೀ "ರೀ" ಎನ್ನುತ್ತಿದ್ದೆ. ಕತ್ತಲಾಗುವ ಮುಂಚೆ ಹೊರಟುಬಂದೆ.

ಬಂದವಳು ನಿಮ್ಮ ಪುಟವನ್ನು ಮತ್ತೆ ತೆರೆದು, ನಗೆಯಾಡಿದವರನ್ನೆಲ್ಲ ದಾಟಿ, ಮೊದಲ ಸಲ ತಳದವರೆಗೆ ಓದಿದೆ. ಪ್ರಭಯ್ಯ ಎಂಬವರು ವರ್ಷಕ್ಕೊಮ್ಮೆ, ಏಳು ವರ್ಷ, ನಿಮ್ಮನ್ನು ಒಂದೇ ಮಾತು ಕೇಳಿದ್ದಾರೆ: "ಮನಿ ಇನ್ನೂ ಐತೇನ್ರೀ?" ನೀವು ಒಮ್ಮೆಯೂ ಉತ್ತರ ಕೊಟ್ಟಿಲ್ಲ. ಎಂಟನೆಯ ವರ್ಷ ಹೀಗೆ ಬರೆದಿದ್ದಾರೆ: "ಮನಿ ಬ್ಯಾಡ ಬಿಡ್ರಿ. ನೀವು ಆರಾಮದೀರಿಲ್ಲೋ?"

ಅದರ ಕೆಳಗೆ ಏನೂ ಇಲ್ಲ.

ಈ ಕಾಗದ ಹೇಗೋ ನಿಮ್ಮ ಕೈ ಸೇರಿದರೆ, ಆ ಮನುಷ್ಯನಿಗೆ ಒಂದು ಸಾಲು ಬರೆಯಿರಿ. ಮನೆ ಮಾರುವುದು ಬಿಡುವುದು ನಿಮಗೆ ಬಿಟ್ಟದ್ದು. ಆರಾಮ ಇಲ್ಲದಿದ್ದರೆ ಇಲ್ಲವೆಂದೇ ಬರೆಯಿರಿ.

ನೀಲಾಂಬಿಕೆ