ಗೆರೆ ತೋರಿಸದೆ ಕತ್ತರಿ ಬೇಡ

ಆಪರೇಷನ್ ಡಾಕ್ಟರಿಗೆ, ಹನ್ನೊಂದನೇ ಬೆಡ್ಡಿನ ದರ್ಜಿಯ ನಮಸ್ಕಾರ.

ನನ್ನ ಪ್ರಾಸ್ಟೇಟ್ ಕ್ಯಾನ್ಸರ್ ಎಲ್ಲಿಯವರೆಗೆ ಹಬ್ಬಿದೆ, ಏನೇನು ತೆಗೆಯುತ್ತೀರಿ ಎಂದು ನನ್ನ ಮಗನನ್ನು ವರಾಂಡಕ್ಕೆ ಕರೆದು ಹೇಳಿದಿರಂತೆ. ನಾನು ಕೇಳಿದರೆ, "ನೀವ್ಯಾಕೆ ತಲೆ ಕೆಡಿಸ್ಕೋತೀರಾ ಯಜಮಾನ್ರೇ?" ಅಂದಿರಿ. ಮಗನೂ ಬಾಯಿ ಬಿಡುತ್ತಿಲ್ಲ. ನಲವತ್ತು ವರ್ಷದಲ್ಲಿ ನಾನು ಸೀಮೆಸುಣ್ಣದ ಗೆರೆ ತೋರಿಸದೆ ಯಾರ ಬಟ್ಟೆಗೂ ಕತ್ತರಿ ಹಾಕಿದವನಲ್ಲ. ಗಿರಾಕಿಯನ್ನು ಬಿಟ್ಟು ಮಗನಿಗೆ ತೋರಿಸುವುದು ಯಾವ ಊರಿನ ನ್ಯಾಯ?

ನಾಳೆ ಬಂದಾಗ ಎರಡು ನಿಮಿಷ ಕೂತುಕೊಳ್ಳಿ. ದಿಂಬಿನಡಿ ಸೀಮೆಸುಣ್ಣ ಇಟ್ಟಿದ್ದೇನೆ; ಎಲ್ಲಿಂದ ಎಲ್ಲಿಗೆ ಕೊಯ್ಯುತ್ತೀರಿ ಎಂದು ಕಿಬ್ಬೊಟ್ಟೆಯ ಮೇಲೇ ಗೆರೆ ಎಳೆದು ತೋರಿಸಿ. ಆಪರೇಷನ್ ಆದಮೇಲೆ ತಗುಲಿಸುವ ಮೂತ್ರದ ಚೀಲ ಎಷ್ಟು ದಿನ ಎಂದೂ ಹೇಳಿ. ಕೊನೆಯವರೆಗೂ ಎನ್ನುವುದಾದರೆ ಅದಕ್ಕೆ ಜಾಗ ಬಿಟ್ಟು ನನ್ನ ಪ್ಯಾಂಟುಗಳನ್ನೆಲ್ಲ ಹೊಲಿಗೆ ಬಿಚ್ಚಿ ಮತ್ತೆ ಹೊಲಿಯಬೇಕು. ಆ ಅಳತೆಯನ್ನು ಮಗನ ಕೈಲಿ ತೆಗೆಸಲಾರೆ.

ಇತಿ,
ಒಪ್ಪಿಗೆ ಪತ್ರಕ್ಕೆ ಇನ್ನೂ ಸಹಿ ಹಾಕದವನು