ಅಂಗೈ ಬಿಸಿಗೆ ಕೆಂಪಾಗುವ ಗಾಜು

ಅಪ್ಪನಿಗೆ ನಮಸ್ಕಾರ.

ರಿಪೇರಿಗೆಂದು ನೀವು ಕಳಿಸಿದ, ನಾನೇ ಮಾಡಿಕೊಟ್ಟಿದ್ದ ಗಾಜಿನ ಚೂರು ನಿನ್ನೆ ನಮ್ಮ ಲ್ಯಾಬಿಗೆ ಬಂತು. ಅಮ್ಮ ತೀರಿಹೋದ ಬೆಳಿಗ್ಗೆ ಫೋನಿನಲ್ಲಿ ರೇಗಿದ್ದಿರಿ: "ಗಡಿಯಾರ ರಿಪೇರಿ ಮಾಡೋ ನನಗೆ ಗೊತ್ತಾಗಲ್ವಾ? ಇದು ಕೆಟ್ಟಿದೆ. ನಿಮ್ಮಮ್ಮನ ಕೈಲಿಟ್ರೆ ಹಸಿರಾಗೇ ಇದೆ!"

ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳಿವೆ. ಅವು ಹೊದ್ದಿರುವ ತೆಳು ಪದರ ಬಿಸಿ ತಗುಲಿದರೆ ತನ್ನ ಒಳರಚನೆಯನ್ನೇ ಬದಲಿಸುತ್ತದೆ, ಆಗ ಹಸಿರು ಕೆಂಪಾಗುತ್ತದೆ, ತಣ್ಣಗಾದರೆ ಮತ್ತೆ ಹಸಿರು. ಅಂಗೈ ಬಿಸಿ ಸಾಕು, ಅಷ್ಟಕ್ಕೇ ಹದ ಮಾಡಿದ್ದೆ. "ಇದನ್ನ ನಿಮ್ಮಪ್ಪನ ಮೂಗಿಗೆ ಬಳಿಯೇ, ಸಿಟ್ಟು ಏರೋದು ಮೊದಲೇ ಗೊತ್ತಾಗ್ಲಿ" ಅಂತ ಅಮ್ಮ ನಕ್ಕಿದ್ದು ನಿಮಗೆ ನೆನಪಿರಬೇಕು.

ಅಪ್ಪಾ, ನಾನು ಕೈಯಲ್ಲಿ ಹಿಡಿದ ಕೂಡಲೇ ಅದು ಕೆಂಪಾಯಿತು. ರಿಪೇರಿ ಮಾಡಲು ಏನೂ ಇರಲಿಲ್ಲ.

ಹತ್ತಿಯಲ್ಲಿ ಸುತ್ತಿ ಈ ಪತ್ರದ ಜೊತೆಗೇ ವಾಪಸು ಕಳಿಸುತ್ತಿದ್ದೇನೆ. ದಿನಾ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲು ಇದನ್ನು ಸ್ವಲ್ಪ ಹೊತ್ತು ಅಂಗೈಯಲ್ಲಿ ಇಟ್ಟುಕೊಳ್ಳಿ, ನನಗೊಂದು ಫೋನ್ ಮಾಡಿ. ಬೈಯುವುದಿದ್ದರೆ ಆಮೇಲೆ ಬೈಯಿರಿ. ಮೊದಲು "ಕೆಂಪಾಯ್ತು" ಅಂತ ಹೇಳಿ.

ಕಾಯುತ್ತಿರುವ
ನಿಮ್ಮ ಮಗಳು