ಕಾವುಮನೆಯ ಅಂಗೈಯವಳು

ಕಲಬುರಗಿ
ಏಪ್ರಿಲ್ 57, 2291

ಎಂಟು ತಲೆಮಾರಿನ ಆಚೆಯ ಆಯಿ ನೀಲಗಂಗಮ್ಮನವರಿಗೆ, ನಿಮ್ಮ ವಂಶದ ಭಾಗಮ್ಮ ಮಾಡುವ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಮುಗಿಯುವ ತನಕ ನಮ್ಮಲ್ಲಿ ಏಪ್ರಿಲ್ ಮುಗಿಯುವುದಿಲ್ಲ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಹೊಟ್ಟೆಕಿಚ್ಚು ಮಾತ್ರ ಹಳೆಯದೇ, ಅದನ್ನು ವಿವರಿಸಬೇಕಾಗಿಲ್ಲ.

ನಮ್ಮ ಊರಿನಲ್ಲಿ ಬೆಳಿಗ್ಗೆ ಹತ್ತರ ಮೇಲೆ ಯಾರೂ ಹೊರಗೆ ಕಾಲಿಡುವುದಿಲ್ಲ. ಓಣಿಗಳ ಮೇಲೆ ನೆರಳುಚಾದರ ಕಟ್ಟಿರುತ್ತಾರೆ, ಮನೆಯ ಶಹಾಬಾದಿ ಕಲ್ಲಿನ ಕೆಳಗೆ ತಣ್ಣೀರು ಹರಿಯುತ್ತದೆ, ಜೋಳದ ರೊಟ್ಟಿಯನ್ನು ನಸುಕಿನಲ್ಲೇ ಬಡಿದಿಟ್ಟುಕೊಳ್ಳುತ್ತೇವೆ. ಕಾವಿಗೆ ಇಷ್ಟು ಹೆದರುವ ಊರಿನಲ್ಲೇ ಜನ ಕಾವಿಗಾಗಿ ಸಾಲು ನಿಲ್ಲುವ ಒಂದು ಮನೆಯಿದೆ. ಅದೇ ಕಾವುಮನೆ. ಕ್ಯಾನ್ಸರ್ ಗಡ್ಡೆಯಿರುವ ಜಾಗವನ್ನು ಅಲ್ಲಿ ಒಂದು ತಾಸು ಯಂತ್ರದಿಂದ ಬಿಸಿಯಾಗಿ ಇಡುತ್ತಾರೆ, ಔಷಧಿ ಅಲ್ಲಿ ಹೆಚ್ಚು ಚುರುಕಾಗಲಿ ಎಂದು. ಕಾವೊಂದನ್ನೇ ನಂಬಿ ಯಾರೂ ಕೂರುವುದಿಲ್ಲ. ಅದು ಔಷಧಿಯ ಜೊತೆಗಾರ, ಅಷ್ಟೇ. ನೀವೂ ನಿಮ್ಮ ಕಾಲದಲ್ಲಿ ನರ್ಸ್ ಆಗಿ ಇಂಥದೇ ಯಂತ್ರದ ಪಕ್ಕ ನಿಂತವರಂತೆ, ಹಾಗಾಗಿ ಇದೆಲ್ಲ ನಿಮಗೆ ಗೊತ್ತು.

ಗೊತ್ತಿಲ್ಲದ್ದು ಅಂಗೈಯವರು. ಗಡ್ಡೆಯ ಕಾವನ್ನು ಯಂತ್ರ ಹೇಳುತ್ತದೆ, ಚರ್ಮದ ಉರಿಯನ್ನು ರೋಗಿಯೇ ಬಾಯಿಬಿಟ್ಟು ಹೇಳಬೇಕು. ಅದಕ್ಕೆ ರೋಗಿ ಹೆಸರಿಸಿದ ಒಬ್ಬರು ಒಳಗೆ ಅವನ ಅಂಗೈ ಹಿಡಿದು ಕೂತು ಮತ್ತೆ ಮತ್ತೆ ಕೇಳುತ್ತಿರುತ್ತಾರೆ. ನನ್ನ ಗಂಡ ಚಂದ್ರಾಮಪ್ಪನವರಿಗೆ ತೊಡೆಯಲ್ಲಿ ಗಡ್ಡೆ. ಅಂಗೈಯವರು ಯಾರು ಎಂದು ಡಾಕ್ಟರು ಕೇಳಿದಾಗ, ಇಪ್ಪತ್ತಾರು ವರ್ಷ ಸಂಸಾರ ಮಾಡಿದ ನಾನು ಪಕ್ಕದಲ್ಲೇ ಕೂತಿದ್ದೆ. ಅವರು ನೆರೆಮನೆಯ ರೇವಮ್ಮನ ಹೆಸರು ಬರೆಸಿದರು!

ರೇವಮ್ಮ ಅವರ ಜೊತೆ ಶಾಲೆ ಕಲಿತವಳು. ಬಾಯಿ ಎಂದರೆ ಬಾಯಿ. ಇಬ್ಬರದೂ ಹಾವು ಮುಂಗುಸಿಯ ಜಗಳ. ಕಾವುಮನೆಯ ಕಿಟಕಿಯಾಚೆ ನಿಂತು ನಾನು ಅವರ ಕೈಯೊಳಗಿನ ಅವಳ ಕೈಯನ್ನೇ ನೋಡುತ್ತಿದ್ದೆ. "ಏ ರೇವಿ, ಸುಡ್ಲಿಕತ್ತದ, ಕಮ್ಮಿ ಮಾಡಸು" ಎಂದು ಅವರು ಕಿರುಚುತ್ತಿದ್ದರು, ಅವಳು ನಗುತ್ತಾ ಕಡಿಮೆ ಮಾಡಿಸುತ್ತಿದ್ದಳು. ನನ್ನೆದುರು ಅವರು ಒಂದು ದಿನವೂ ಹಾಗೆ ಕೂಗಿದವರಲ್ಲ. ನಮ್ಮವರು ಕಲ್ಲಿನಂಥವರು ಎಂದು ನಾನು ಕಂಡಕಂಡವರ ಮುಂದೆ ಹೊಗಳಿಕೊಂಡವಳು. ಹೊಟ್ಟೆ ಉರಿದುಹೋಯಿತು, ಆಯಿ.

ಐದನೆಯ ಸಲ, ರೇವಮ್ಮನಿಗೆ ಜ್ವರ ಎಂದು ಸುಳ್ಳು ಹೇಳಿ ನಾನೇ ಒಳಗೆ ಕೂತೆ. ಕೇಳಿದಾಗಲೆಲ್ಲ ಅವರು ನನ್ನ ಮುಖ ನೋಡಿ, "ಏನಿಲ್ಲ ಬಿಡು, ಛಲೋ ಅದ" ಎಂದರು. ಗೆದ್ದೆ ಎಂದುಕೊಂಡೆ. ತಾಸು ಮುಗಿದು ಬಟ್ಟೆ ಸರಿಸಿದರೆ ತೊಡೆಯ ಮೇಲೆ ಅಂಗೈಯಗಲದ ಬೊಬ್ಬೆ. ಒಂದೂವರೆ ತಿಂಗಳು ಕಾವು ನಿಲ್ಲಿಸಿದರು. ಔಷಧಿಯೊಂದೇ ದುಡಿಯುತ್ತಿದೆ, ಗಡ್ಡೆ ಕರಗುವುದು ನಿಧಾನವಾಗಿದೆ ಎಂದು ಡಾಕ್ಟರು ಹೇಳಿದರು. ರೇವಮ್ಮ ಬಂದು, "ನಿನ್ ಮುಂದ ಅಳಲಿಕ್ಕೆ ಅಂವಗ ನಾಚ್ಕಿ, ಭಾಗಮ್ಮ. ನನ್ ಮುಂದ ಎಂಥಾ ನಾಚ್ಕಿ?" ಎಂದಳು. ಅವಳು ಹೇಳಿದ್ದು ನಿಜ. ಅದಕ್ಕೇ ಇನ್ನೂ ಸಿಟ್ಟು ಬಂತು.

ಈಗ ನನ್ನ ಕೋರಿಕೆ. ಮೊದಲ ಹೆರಿಗೆಯಲ್ಲಿ ನೀವು ಹಲ್ಲು ಕಚ್ಚಿ ಒಂದು ಸಲವೂ ಕೂಗಲಿಲ್ಲವೆಂದು ನಮ್ಮ ಮನೆಯಲ್ಲಿ ಅಂದಿನಿಂದಲೂ ಹೆಮ್ಮೆಯಿಂದ ಹೇಳುತ್ತಾ ಬಂದಿದ್ದಾರೆ. ಆ ಕತೆ ಕೇಳಿಯೇ ನಾನು ನೋವು ನುಂಗುವವರನ್ನು ಮೆಚ್ಚಲು ಕಲಿತೆ. ಈ ಕಾಗದ ಹಿಂದಿನ ಕಾಲಕ್ಕೆ ಬಂದು ನಿಮ್ಮ ಕೈ ಮುಟ್ಟುವಾಗ ಆ ಮೊದಲ ಬಸಿರಿಗೆ ಏಳು ತಿಂಗಳು ತುಂಬಿರಬೇಕು. ದಯವಿಟ್ಟು ಕೂಗಿಬಿಡಿ. ಓಣಿಗೆಲ್ಲ ಕೇಳಲಿ.

ಮುಂದಿನ ವಾರ ಕಾವು ಮತ್ತೆ ಶುರು. ರೇವಮ್ಮನೇ ಕೂರುತ್ತಾಳೆ, ನಾನೇ ಹೋಗಿ ಕರೆದು ಬಂದೆ. ಹೊಟ್ಟೆಕಿಚ್ಚು ಆರಿತೆಂದು ಮಾತ್ರ ತಿಳಿಯಬೇಡಿ. ಇವತ್ತು ಬೆಳಿಗ್ಗೆ ನಮ್ಮವರಿಗೆ ಚಹಾ ಕೊಟ್ಟೆ. ಒಂದು ಗುಟುಕು ಕುಡಿದವರೇ ಲೋಟ ಕುಕ್ಕಿ, "ಎಂಥಾ ಸುಡು ಚಾ ಕೊಟ್ಟೀಯೇ, ನಾಲಿಗಿ ಸುಟ್ಟೋತು!" ಎಂದು ನನ್ನ ಮೇಲೆ ರೇಗಿದರು. ಇಪ್ಪತ್ತಾರು ವರ್ಷದಲ್ಲಿ ಇದೇ ಮೊದಲು. ಇದನ್ನು ರೇವಮ್ಮನಿಗೆ ನಾನು ಹೇಳುವುದಿಲ್ಲ.

ನಿಮ್ಮ,
ಭಾಗಮ್ಮ